ವೀಲ್‌ಚೇರ್ ಕೈ ಬದಲಾಗುವ ಜಾಗ

ಫೆಬ್ರವರಿ 3, ಸೋಮವಾರ. ಬೆಳಗ್ಗೆ 7.40

ಮತ್ತೆ ಅದೇ. ಕಾಲಿಗೆ ಪ್ಲಾಸ್ಟಿಕ್ ಕವರು, ಕವರಿಗೆ ರಬ್ಬರ್ ಬ್ಯಾಂಡು, ಸ್ಟೂಲಿನ ಮೇಲೆ ಕಾಲು, ತಲೆಯ ಮೇಲೆ ಚೊಂಬು. ಹೊರಗಿನಿಂದ ಅಮ್ಮನ ಕೂಗು — "ಪಟ್ಟಿ ನೆಂದೋಯ್ತಾ? ನೆಂದೋಯ್ತಾ?" ನೆಂದರೆ ನಾನೇ ಹೇಳುವುದಿಲ್ಲವೇ! ಮೂವತ್ತಾರು ವರ್ಷದವಳು, ಏರ್‌ಪೋರ್ಟ್ ಪ್ಲಾನರ್, ಸೈಟಿನಲ್ಲಿ ಎರಡು ಮೆಟ್ಟಿಲು ತಪ್ಪಿ ಬಿದ್ದು ಘಾಟಿ ಮೇಲಿನ ನಮ್ಮೂರು ಪಣಕಹಳ್ಳಿಯ ಬಚ್ಚಲಲ್ಲಿ ಕೂತಿದ್ದೇನೆ. ಇನ್ನೂ ನಾಲ್ಕು ವಾರ ಎಡಗಾಲು ನೆಲಕ್ಕೆ ಊರುವಂತಿಲ್ಲ.

ಬಾಸ್ ಸೋಮಶೇಖರನ ಮೆಸೇಜು: "ರೆಸ್ಟ್ ತಗೊಳ್ಳಿ ಪದ್ಮಶ್ರೀ. ಕನೆಕ್ಟರ್ ನಾನು ನೋಡ್ಕೋತೀನಿ." ನೋಡ್ಕೋತಾನಂತೆ. ಹದಿನಾಲ್ಕು ತಿಂಗಳು ನಿದ್ದೆಗೆಟ್ಟವಳು ನಾನು. ಟರ್ಮಿನಲ್‌ನಿಂದ ಚಾಚಿಕೊಂಡ ಎರಡು ಉದ್ದ ಕೈಗಳು — ಎ ಪಿಯರ್, ಬಿ ಪಿಯರ್. ವಿಮಾನಗಳು ಅವಕ್ಕೆ ಅಂಟಿಕೊಂಡು ನಿಲ್ಲುತ್ತವೆ. ಎ-ಯಲ್ಲಿ ಇಳಿದವನು ಬಿ-ಗೆ ಹೋಗಬೇಕಾದರೆ ಈಗ ಪೂರ್ತಿ ಹೊರಗೆ ಬಂದು ಮತ್ತೆ ಸೆಕ್ಯುರಿಟಿ ಕ್ಯೂನಲ್ಲಿ ಸಾಯಬೇಕು. ನನ್ನ ಸೇತುವೆ, ಅದೇ ಆ ಕನೆಕ್ಟರ್, ಬಂದರೆ ಮೇಲಿಂದ ಮೇಲೆಯೇ ಇನ್ನೂರ ತೊಂಬತ್ತು ಮೀಟರು. ಆರು ನಿಮಿಷ.

14ಕ್ಕೆ ಡಿಸೈನ್ ರಿವ್ಯೂ ಮೀಟಿಂಗು, ವೀಡಿಯೊದಲ್ಲಿ. ನಾನೇ ಮಾತಾಡುತ್ತೇನೆ. ಲೀಡ್ ಡಿಸೈನರ್ ಅಂತ ಆ ಶೀಟಿನ ಮೇಲೆ ನನ್ನ ಹೆಸರು. ಅದನ್ನು ಅಳಿಸಲಿ ನೋಡೋಣ.

ಸಂಜೆ

ಅಮ್ಮನಿಗೆ ನನ್ನನ್ನು ಎತ್ತಲು ಆಗುವುದಿಲ್ಲ. ಇವತ್ತು ಇಬ್ಬರೂ ಬೀಳುತ್ತಿದ್ದೆವು. ನಮ್ಮ ಹೊಲದ ಆಳು ಚಿಕ್ಕಸಿದ್ದನ ಮಗಳು ರಜೆಗೆ ಬಂದಿದ್ದಾಳಂತೆ, ಪರಿಮಳ. ಏರ್‌ಪೋರ್ಟಿನಲ್ಲಿ ವೀಲ್‌ಚೇರ್ ತಳ್ಳುವ ಕೆಲಸ. ಯಾವ ಏರ್‌ಪೋರ್ಟು ಅಂದರೆ ನನ್ನದೇ. ಅಂದರೆ ನಾನು ಸೇತುವೆ ಹಾಕುತ್ತಿರುವುದೇ. ನಾಳೆಯಿಂದ ಬರುತ್ತಾಳೆ.

ಫೆಬ್ರವರಿ 4. ಮಧ್ಯಾಹ್ನ

ಬಂದಳು. ಕೈಗಳು ಗಟ್ಟಿ. "ಮೇಡಂ" ಅನ್ನುತ್ತಾಳೆ. ಊರಿನಲ್ಲಿ ಯಾರೂ ನನ್ನನ್ನು ಮೇಡಂ ಅನ್ನುವುದಿಲ್ಲ. ಇವಳ ಬಾಯಲ್ಲಿ ಅದು ಮರ್ಯಾದೆಯ ಹಾಗೆ ಕೇಳಿಸುವುದೂ ಇಲ್ಲ.

ಬಚ್ಚಲಿಗೆ ಹೋಗುವ ವ್ಯವಸ್ಥೆ ಹೀಗೆ: ಜಗಲಿಯಲ್ಲಿ ಅವಳು ನನ್ನನ್ನು ವೀಲ್‌ಚೇರಿನಿಂದ ಎಬ್ಬಿಸಿ ಹೊಸ್ತಿಲು ದಾಟಿಸುವ ತನಕ ಹಿಡಿಯುತ್ತಾಳೆ. ಅಲ್ಲಿ ಬಿಡುತ್ತಾಳೆ. ಒಳಗೆ ಅವಳು ಬರುವಂತಿಲ್ಲ. ಊರಾಚೆ ಕಾಲೊನಿಯ ಜಾತಿಯವರು ಯಾರೂ ಇದುವರೆಗೆ ಬಂದಿಲ್ಲ. ಹಾಲ್, ಅಡುಗೆಮನೆಯ ಓಣಿ, ಹಿತ್ತಲ ಬಾಗಿಲು — ಹದಿನಾಲ್ಕು ಮೀಟರು ನಾನೊಬ್ಬಳೇ ಊರುಗೋಲಿನಲ್ಲಿ ಕುಪ್ಪಳಿಸಬೇಕು. ಅಷ್ಟರಲ್ಲಿ ಅವಳು, ವೀಲ್‌ಚೇರು ಹೋಗದ ಆ ಕೊಟ್ಟಿಗೆಯ ದಾರಿ ಸುತ್ತು ಹಾಕಿ ಹಿತ್ತಲಿಗೆ ಬಂದು ಮತ್ತೆ ಹಿಡಿಯುತ್ತಾಳೆ. ಒಳಗೆ ಪೂಜೆಯ ಮನೆ ಇದೆ ಅಂತ ಅಮ್ಮ. ಬಚ್ಚಲಿನ ಪಕ್ಕದಲ್ಲೇ ಇದ್ದರೂ ಅದು ಪೂಜೆಯ ಮನೆ.

ಇವತ್ತು ಹಿತ್ತಲ ಬಾಗಿಲಲ್ಲಿ ಒಂದೂವರೆ ನಿಮಿಷ ಒಂಟಿಕಾಲಲ್ಲಿ ನಿಂತೆ. ಕೊಟ್ಟಿಗೆಯಲ್ಲಿ ಎಮ್ಮೆ ಅಡ್ಡ ನಿಂತಿತ್ತಂತೆ. ಬೈದೆ. ಎಮ್ಮೆಯನ್ನಲ್ಲ.

ಫೆಬ್ರವರಿ 6, ಗುರುವಾರ

ಜಗಲಿಯಲ್ಲಿ ಡ್ರಾಯಿಂಗ್ ಹರಡಿಕೊಂಡು ಕೂತಿದ್ದೆ. ಪರಿಮಳ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಬಗ್ಗಿ ನೋಡಿದಳು. ತಲೆಕೆಳಗಾಗಿಯೇ ಓದಿಬಿಟ್ಟಳು.

"ಇದು ಎ ಪಿಯರು. ಇದು ಬಿ. ನಡುವ ಇದೇನ ಗೀಟು?"

"ಗಾಜಿನ ಬಾಗಿಲು. ಸೆಕ್ಯುರಿಟಿ ಗೇಟ್."

"ನನ್ನ ಪಾಸು ಎ-ಗ ಮಾತ್ರ ಮೇಡಂ. ಬಿ ಬ್ಯಾರೆ ಕಂಟ್ರಾಕ್ಟರು. ಇಲ್ಲಿಗ ತಂದು ನಾ ಬುಟ್ಬುಡ್ಬೇಕು. ಬಿ-ಯವ್ಳು ಬಂದು ಇಡ್ಕಬೇಕು. ಅಲ್ವಾ?"

"ಹೂಂ. ಹ್ಯಾಂಡ್‌ಓವರ್. ಬಾಣದ ಗುರುತು ಹಾಕಿದೀನಲ್ಲ."

"ಬಾಣ ಅದ. ನಾ ತಳ್ಕಂಡು ಬಂದ ಅಜ್ಜಿ ಎಲ್ಲಿ ಕುಂತ್ಕತದ? ನನ್ನ ಚೇರು ನಾ ವಾಪಸ್ ತಕ್ಕಂಡೋಗ್ಬೇಕು. ಆಕಡ ಓಡೋ ಬೆಲ್ಟು, ಈಕಡ ಓಡೋ ಬೆಲ್ಟು. ನಡುವ ನಿಲ್ಲಕ ಜಾಗಿಲ್ಲ. ಬಿ-ಯವ್ಳು ಬರಗಂಟ ನಾ ಕಾಯಂಗಿಲ್ಲ, ಸೂಪರ್‌ವೈಸರು ಪೋ ಪೋ ಅಂತ ತಮಿಳಲ್ಲಿ ವಾಕಿಟಾಕಿಲಿ ಬಯ್ತಾನ. ಅಜ್ಜಿಗ ಒಂದಕ್ಕ ಬಂದ್ರ?"

ಅವರೆಕಾಯಿ ಸುಲಿಯೇ ತಾಯಿ, ಅಂದೆ. ಸುಲಿದಳು. ನಗುತ್ತಿದ್ದಳೋ ಏನೋ, ಮುಖ ತಗ್ಗಿಸಿದ್ದರಿಂದ ಕಾಣಲಿಲ್ಲ.

ಫೆಬ್ರವರಿ 7

ಹತ್ತನೇ ಕ್ಲಾಸು ಮುಗಿಸಿದ ಹುಡುಗಿ ನನಗೆ ಸರ್ಕ್ಯುಲೇಶನ್, ಅಂದರೆ ಜನ ಓಡಾಡುವ ದಾರಿ ಹಾಕುವುದನ್ನು, ಹೇಳಿಕೊಡುತ್ತಾಳೆ. ಮೈಯೆಲ್ಲ ಉರಿ. ಇವತ್ತು ಡ್ರಾಯಿಂಗನ್ನು ಅವಳಿಗೆ ಕಾಣದ ಹಾಗೆ ಮಗುಚಿಟ್ಟೆ.

ಫೆಬ್ರವರಿ 9, ಭಾನುವಾರ. 11.00

ಲೆಕ್ಕ ಹಾಕಿದೆ. ಬೇಡ ಬೇಡವೆಂದರೂ ಹಾಕಿದೆ. ದಿನಕ್ಕೆ ನಾನೂರು ವೀಲ್‌ಚೇರು ಎ-ಯಿಂದ ಬಿ-ಗೆ. ಬಿ ಕಡೆಯವಳು ಬರಲು ಕಡಿಮೆಯೆಂದರೆ ಒಂಬತ್ತು ನಿಮಿಷ. ಅಂದರೆ ಯಾವ ಹೊತ್ತಿಗೆ ನೋಡಿದರೂ ಆ ಗಾಜಿನ ಬಾಗಿಲ ಹತ್ತಿರ ಎರಡು ಮೂರು ಮುದುಕರು ಅನಾಥರ ಹಾಗೆ. ಹಿಂದಿನವರಿಗೆ ದಾರಿಯೇ ಇಲ್ಲ. ನನ್ನ ಆರು ನಿಮಿಷ ಮಣ್ಣುಪಾಲು.

ಅವಳು ಹೇಳಿದ್ದು ಸರಿ. ಥೂ.

ಹದಿನಾಲ್ಕು ತಿಂಗಳಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಸೋಮಶೇಖರನಿಗಂತೂ ಹೊಳೆಯುವುದು ಹೋಟೆಲ್ ಬುಕಿಂಗ್ ಮಾತ್ರ.

ಸಂಜೆ ಪರಿಮಳನನ್ನು ಸುಮ್ಮನೆ ಕೇಳಿದ ಹಾಗೆ ಕೇಳಿದೆ — ನಿನ್ನ ಕೈಲಿದ್ದರೆ ಏನು ಮಾಡ್ತಿದ್ದೆ?

"ಒಬ್ರೇ ಕೊನೆಗಂಟ ಓಗಾಕ ಬುಡ್ಬೇಕು ಮೇಡಂ. ಅಜ್ಜಿ ಕೈ ಇಡ್ಕಂಡವ್ಳೇ ಕೊನೆಗಂಟ. ಅದಾಗ್ದಿದ್ರ ನಡುವ ಒಂದು ರೂಮು. ಕುಂತ್ಕಳಕ ಬೆಂಚು, ಬೆಲ್ಲು, ಕಕ್ಕಸ್ಸು."

ರೂಮು ಹಾಕಬಹುದು. ಪಾಸು ಬದಲಿಸುವುದು ನನ್ನ ಕೆಲಸವಲ್ಲ.

ಫೆಬ್ರವರಿ 10

ಜನ ನಿಂತು ಸಾಗುವ ಬೆಲ್ಟನ್ನು ಹನ್ನೆರಡು ಮೀಟರು ಮೊಟಕು ಮಾಡಿದೆ. ಮಧ್ಯದಲ್ಲಿ ಹ್ಯಾಂಡ್‌ಓವರ್ ಬೇ — ಆರು ಸೀಟು, ಕಾಲ್ ಬಟನ್, ಟಾಯ್ಲೆಟ್. ಸೋಮಶೇಖರನಿಗೆ ಫೋನ್ ಮಾಡಿದೆ. ಎರಡು ಸಲ ಹೇಳಿಸಿಕೊಂಡ. ಆಮೇಲೆ "ಬ್ರಿಲಿಯಂಟ್, ಹೇಗೆ ಹೊಳೀತು?"

"ಕಾಲು ಮುರಿದುಕೊಂಡು ನೋಡಿ, ನಿಮಗೂ ಹೊಳೆಯುತ್ತೆ" ಅಂದೆ.

ಪರಿಮಳ ಜಗಲಿ ಕೆಳಗೆ ವೀಲ್‌ಚೇರಿನ ಚಕ್ರ ಒರೆಸುತ್ತಿದ್ದಳು. ಒರೆಸುವುದು ನಿಲ್ಲಿಸಿದಳು, ಮತ್ತೆ ಶುರು ಮಾಡಿದಳು.

ಫೆಬ್ರವರಿ 14, ಶುಕ್ರವಾರ. ಮಧ್ಯಾಹ್ನ 1.15

ಕೋಪ ಇಳಿಯುವ ಮೊದಲೇ ಬರೆದಿಟ್ಟುಬಿಡುತ್ತೇನೆ.

ಲ್ಯಾಪ್‌ಟಾಪು ಹಾಲಿನಲ್ಲಿ, ಇಂಟರ್ನೆಟ್ ವಯರು ಅಲ್ಲಿಗೇ ಬರುವುದು. ರಿವ್ಯೂ ಚೆನ್ನಾಗಿಯೇ ಹೋಗುತ್ತಿತ್ತು. ಹ್ಯಾಂಡ್‌ಓವರ್ ಬೇ ತೋರಿಸಿದೆ. ಏರ್‌ಪೋರ್ಟಿನ ಆಪರೇಶನ್ಸ್ ಹೆಡ್ ಮಮತ, ಕನ್ನಡಕ ಸರಿ ಮಾಡಿಕೊಂಡು ಕೇಳಿದಳು: ಬಿ ಕಡೆಯವಳು ಬರುವುದು ತಡವಾದರೆ ಎ ಕಡೆಯವಳು ಈಗ ಏನು ಮಾಡುತ್ತಾಳೆ? ಯಾರಿಗೆ ತಿಳಿಸುತ್ತಾಳೆ?

ಗೊತ್ತಿರಲಿಲ್ಲ. ನನ್ನ ಅಬ್ಸರ್ವೇಶನ್ ಅಂತ ಆಗಲೇ ಕೊಚ್ಚಿಕೊಂಡಿದ್ದೆ. "ಒನ್ ಮಿನಿಟ್" ಅಂದು ಬಾಗಿಲ ಕಡೆ ತಿರುಗಿದೆ. ಪರಿಮಳ ಜಗಲಿಯ ಅಂಚಿನಲ್ಲೇ ಇದ್ದಳು. ಅಷ್ಟನ್ನೂ ಕೇಳಿಸಿಕೊಂಡಿದ್ದಳು.

"ಪರಿಮಳ, ಒಳಗೆ ಬಾ. ಇಲ್ಲಿ ಬಂದು ಸ್ವಲ್ಪ ಹೇಳು."

ಅಮ್ಮ ಅಡುಗೆಮನೆಯಿಂದ ಓಡಿಬಂದಳು. "ಏನಂದೈ? ಯಾರ್ನ ಕರ್ದೈ ಒಳಿಕ?"

ಪರಿಮಳ ಏಳಲೇ ಇಲ್ಲ. "ಬರಾಕಿಲ್ಲ ಮೇಡಂ. ಅತ್ತು ದಿನದಿಂದ ಕೊಟ್ಟಿಗ ಸುತ್ಕಂಡು ಬತ್ತಿವ್ನಿ. ಒಂದು ದಿನನಾರ ಬಾ ಅಂದ್ರಾ? ಇವತ್ತು ನಿಮ್ಗ ಬೇಕು, ಅದ್ಕ ಕರೀತಿದ್ದರಿ. ನಾ ಓದ ಮ್ಯಾಲ ಸಗಣಿ ನೀರಾಕಿ ತೊಳೀತರಿ. ನಾ ಏಳಿದ್ ಮಾತ್ನ ನೀವು ಕಂಡಿಡ್ದಂಗ ಏಳ್ಕಂಡ್ರಲ್ಲ, ಇದ್ನೂ ನೀವೇ ಏಳ್ಕಳಿ."

"ಬಾಯಿ ನೋಡು ಇವ್ಳ್ದ!" ಅಂತ ಅಮ್ಮ.

ಮೈಕು ಆನ್ ಇತ್ತು.

ಸ್ಕ್ರೀನಿನಲ್ಲಿ ಏಳು ಮುಖ. ಸೋಮಶೇಖರ ಕೆಮ್ಮಿದ. ಮಮತ ಮಾತ್ರ ನಿಧಾನಕ್ಕೆ, ಅಚ್ಚ ಕನ್ನಡದಲ್ಲಿ, "ಅವರು ನಮ್ಮ ಸ್ಟಾಫಾ? ಹೆಸರು ಏನಂದ್ರಿ?" ಅಂದಳು. ಹೇಳಿದೆ. ಮುಚ್ಚಿಡಲು ಇನ್ನೇನು ಉಳಿದಿತ್ತು.

ಸಂಜೆ 5

ಸೋಮಶೇಖರನ ಮೇಲ್. ಸೋಮವಾರ ಹತ್ತಕ್ಕೆ ಮಮತ ಪರಿಮಳನನ್ನು ಕರೆಸಿ ಮಾತಾಡುತ್ತಾಳೆ. ಈ ಡಿಸೈನರ್ ಜೊತೆ ಕೆಲಸ ಮಾಡಬಹುದು ಅಂತ ಆ ಹುಡುಗಿ ಹೇಳಿದರೆ ನಾನು ಮುಂದುವರಿಯುವುದು. ಇಲ್ಲದಿದ್ದರೆ "ನಿಮ್ಮ ಆರೋಗ್ಯದ ದೃಷ್ಟಿಯಿಂದ" ಅವನೇ ಲೀಡ್. ಆರೋಗ್ಯದ ದೃಷ್ಟಿಯಂತೆ! ನರಿ.

ಫೆಬ್ರವರಿ 16, ಭಾನುವಾರ

ಪರಿಮಳ ನಿನ್ನೆಯೇ ಹೊರಟುಹೋದಳು. ದಿಂಬಂ ಕಾಡಿನ ಗೇಟು ಸಂಜೆ ಮುಚ್ಚುವ ಮೊದಲು ಘಾಟಿ ಇಳಿಯಬೇಕೆಂದು ಮಧ್ಯಾಹ್ನದ ಬಸ್ಸು ಹಿಡಿದಳಂತೆ. ನನಗೊಂದು ಮಾತು ಹೇಳಲಿಲ್ಲ. ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದುಕೊಂಡು ಹೋದೆ. ಒಮ್ಮೆ ಬಿದ್ದೆ. ಪುಣ್ಯಕ್ಕೆ ಒಳ್ಳೆ ಕಾಲ ಮೇಲೆ.

ಹನ್ನೊಂದಕ್ಕೆ ಅವಳಿಗೆ ಫೋನ್ ಮಾಡಿದೆ. ಸಾರಿ ಅಂದೆ. ಎಷ್ಟು ವರ್ಷವಾಯಿತೋ ಆ ಶಬ್ದ ಆಡಿ.

"ನಿಮ್ಮ ನಕ್ಷ ಚಂದಾಗದ ಮೇಡಂ. ಅದ್ರಲ್ಲಿ ಸುಳ್ಳೇಳಲ್ಲ. ಆದ್ರ ನಿಮ್ಮ ಜೊತ ಕೆಲ್ಸ ಮಾಡ್ಬೋದಾ ಅಂತ ಕೇಳ್ತಾರಂತ. ಅದ್ಕ ಏನೇಳ್ಲಿ?"

"ಏನು ಬೇಕು ನಿನಗೆ?"

"ನಂಗೇನೂ ಬ್ಯಾಡ. ನಮ್ಮಪ್ಪ ಮೂವತ್ತೊಂದು ವರ್ಷದಿಂದ ನಿಮ್ಮ ಒಲದಲ್ಲಿ ಗೇಯ್ತಾವ್ನ. ಒಲಕ್ಕ ನುಗ್ದ ಕಾಡಾನ ಓಡ್ಸಕ್ಕೋಗಿ ಒಂದ್ಸಲ ಸಾಯಕ್ಕೂ ಓಗಿದ್ದ. ನಿಮ್ಮ ಮನ ಒಳಗ್ನ ಆಲು ಎಂಗದ ಅಂತ ನೋಡಿಲ್ಲ. ನಾಳ ಮೀಟಿಂಗ್ಗ ಮುಂಚ ಅವ್ನ ಒಳಿಕ ಕರ್ದು ಕುರ್ಚಿ ಮ್ಯಾಲ ಕುಂಡ್ರಿಸಿ ಕಾಪಿ ಕೊಡಿ. ನಾ ಫೋನ್ ಮಾಡಿ ಕೇಳ್ತಿನಿ."

"ಇದು ಬ್ಲ್ಯಾಕ್‌ಮೇಲ್."

"ಅಂಗೇ ಅಂದ್ಕಳಿ" ಅಂದಳು. ಸರಿ, ಕರೀತೀನಿ ಅಂದೆ. ಇಟ್ಟಳು.

ಒಂದು ಕಾಫಿ. ಒಂದು ಕುರ್ಚಿ. ಇಷ್ಟಕ್ಕೆ ಹದಿನಾಲ್ಕು ತಿಂಗಳ ದುಡಿಮೆ ಉಳಿಯುತ್ತದೆ. ಯಾಕೆ ಇಷ್ಟು ಹೆದರಿಕೆ?

ಸಂಜೆ ಅಮ್ಮನಿಗೆ ಹೇಳಿದೆ. ಬಟ್ಟೆ ಮಡಿಸುತ್ತಿದ್ದವಳು ಮಡಿಸುತ್ತಲೇ ಇದ್ದಳು. "ಕರ್ಕ. ನಿನ್ನ ಕೆಲ್ಸ ದೊಡ್ದು. ಅವ್ನು ಒಳಿಕ ಬಂದ ಗಳಿಗಲೇ ನಾ ಈ ಅಟ್ಟಿಯಿಂದ ಆಚಿಕ ಓಯ್ತಿನಿ. ಆಮೇಲ ನಿಂಗ ನೀರುಯ್ಯಕೂ ಅವ್ನೇ ಬರ್ಲಿ."

ನಾನೂ ಚೀರಾಡಿದೆ. ಅವಳೂ. ಒಂಟಿಕಾಲಲ್ಲಿ ನಿಂತು ಜಗಳ ಆಡುವುದು ಎಷ್ಟು ಕಷ್ಟ.

ಫೆಬ್ರವರಿ 17, ಸೋಮವಾರ. ಬೆಳಗ್ಗೆ 9.20

ಅಮ್ಮ ಹೊಸ್ತಿಲ ಮೇಲೆ ಕೂತಿದ್ದಾಳೆ, ಮೊರದಲ್ಲಿ ರಾಗಿ ಇಟ್ಟುಕೊಂಡು. ಈ ಬಾಗಿಲಲ್ಲಿ ಕೂತು ರಾಗಿ ಕೇರಿದ್ದನ್ನು ನನ್ನ ಆಯುಷ್ಯದಲ್ಲಿ ನೋಡಿಲ್ಲ. ಕಾಫಿ ನಾನೇ ಕಾಯಿಸಿದೆ, ಒಂದು ಕೈಯಲ್ಲಿ. ಚಿಕ್ಕಸಿದ್ದನಿಗೆ ಹೇಳಿಕಳಿಸಿದೆ. ಬರುತ್ತಿದ್ದಾನೆ.

10.05

ಬಂದ. ಜಗಲಿಯ ಕೆಳಗೆ ನಿಂತ. ಚಪ್ಪಲಿ ಗೇಟಿನಲ್ಲೇ ಬಿಟ್ಟಿದ್ದ.

"ಒಳಗೆ ಬಾ ಚಿಕ್ಕಸಿದ್ದ" ಅಂದೆ. ಅರವತ್ತು ದಾಟಿದ ಮನುಷ್ಯನಿಗೆ ಬಾ ಅಂದೆ. ಬನ್ನಿ ಅನ್ನಲು ಬಾಯಿ ತಿರುಗಲೇ ಇಲ್ಲ. ಅವನು ಅಮ್ಮನ ಕಡೆ ನೋಡಿದ. ಅಮ್ಮ ಮೊರ ಕುಟ್ಟುತ್ತಿದ್ದಳು. ಚಾಚಿದ ಕಾಲು ಮಡಿಸಲಿಲ್ಲ.

ಅಮ್ಮ, ಏಳು ಅಂತ ನಾನು ಹೇಳಬೇಕಾಗಿತ್ತು. ಹೇಳಲಿಲ್ಲ. ಹೇಳಿದರೆ ಏನಾಗುತ್ತಿತ್ತು? ಹೋಗುತ್ತಿದ್ದಳಾ ನಿಜವಾಗಿ? ಹೋಗಿದ್ದರೆ ಹೋಗುತ್ತಿದ್ದಳು. ನಾನು ಬಾಯಿ ಬಿಡಲಿಲ್ಲ, ಅಷ್ಟೇ. ಟೇಬಲ್ಲಿನ ಮೇಲೆ ಕಾಫಿಗೆ ಕೆನೆ ಕಟ್ಟಿತು.

9.50ಕ್ಕೆ ಫೋನು.

"ಅಪ್ಪ ಒಳಗವ್ನಾ ಮೇಡಂ?"

"ಹೂಂ" ಅಂದೆ.

ನಾಲಿಗೆಯೇ ಅಂದುಬಿಟ್ಟಿತು. ಇಲ್ಲ, ನಾಲಿಗೆಯ ಮೇಲೆ ಹಾಕುವುದು ಯಾಕೆ. ನಾನೇ ಅಂದೆ. ಮೂರು ಮಾರು ಆಚೆ ಬಿಸಿಲಲ್ಲಿ ನಿಂತು ಚಿಕ್ಕಸಿದ್ದ ಕೇಳಿಸಿಕೊಂಡ.

"ಅವ್ನ ಕೈಗ ಕೊಡಿ."

ಮುಗಿಯಿತು ಅಂದುಕೊಂಡೆ. ಅಮ್ಮನ ತಲೆಯ ಮೇಲಿನಿಂದ ಫೋನು ಚಾಚಿದೆ. ಅವನು ಕೈಗೆ ಕೈ ತಾಗದ ಹಾಗೆ ತೆಗೆದುಕೊಂಡ. ಕಿವಿಗಿಟ್ಟ.

"ಊಂ ಕಣವ್ವ… ಒಳ್ಗೇ ಕುಂತಿವ್ನಿ… ಕುರ್ಚಿ ಮ್ಯಾಲ್ಯಾ. ಕಾಪಿ ಕೊಟ್ಟವ್ರ… ಚಂದಾಗದ ಕಣವ್ವ ಆಲು. ಟೀವಿ ಅದ… ದೊಡ್ಡವ್ವಾರೂ ಇಲ್ಲೇ ಅವ್ರ. ನೀ ಉಂಡಾ?"

ಅಮ್ಮನ ಮೊರ ನಿಂತಿತು.

ಫೋನನ್ನು ಜಗಲಿಯ ಕಲ್ಲಿನ ಮೇಲೆ ಇಟ್ಟ. ನನ್ನ ಮುಖ ನೋಡದೆ ಅಂದ: "ಮಗಳು ದೂರದಲ್ಲವ್ಳ ಕಣವ್ವ. ಅಲ್ಲೊಬ್ಳೇ ಕುಂತು ಸಂಕ್ಟ ಪಡಬಾರ್ದು." ಚಪ್ಪಲಿ ಮೆಟ್ಟಿಕೊಂಡು ಎಲೆಕೋಸಿನ ಹೊಲದ ಕಡೆ ಹೋದ. ನೀರಿನ ಕಾಲುವೆಗೆ ಮಡೆ ಕಟ್ಟುವುದು ಬಾಕಿ ಇತ್ತಂತೆ.

11.40

ಸೋಮಶೇಖರನ ಮೇಲ್, ಮುಖ ಸಿಂಡರಿಸಿಕೊಂಡೇ ಬರೆದಿರಬೇಕು. ಡಿಸೈನ್ ಅಪ್ರೂವ್. ಲೀಡ್ ನಾನೇ. ಪಾಸಿನ ವಿಷಯವನ್ನೂ ಮಮತ ಕೈಗೆತ್ತಿಕೊಂಡಿದ್ದಾಳಂತೆ — ಒಬ್ಬಳೇ ಕೊನೆಯ ತನಕ ಹೋಗುವ ಹಾಗೆ. ಪರಿಮಳ ಹೇಳಿದ್ದನ್ನು ಮೀಟಿಂಗಿನ ಮಿನಿಟ್ಸ್‌ನಲ್ಲಿ ಹಾಗೇ ಹಾಕಿದ್ದಾರೆ: "ಕೋಪ ಜಾಸ್ತಿ. ಆದರೆ ಕೊಟ್ಟ ಮಾತು ನಡೆಸುತ್ತಾರೆ. ಇವತ್ತು ನಡೆಸಿದ್ದಾರೆ. ಅವರ ಜೊತೆ ಕೆಲಸ ಮಾಡಬಹುದು."

ಗೆದ್ದೆ.

ಅಮ್ಮ ಊಟಕ್ಕೆ ಕರೆಯುತ್ತಿಲ್ಲ. ಹೊಸ್ತಿಲ ಮೇಲೂ ಅವಳಿಲ್ಲ. ಎಲೆಕೋಸಿನಲ್ಲಿ ಚಿಕ್ಕಸಿದ್ದನ ತಲೆ ಕಾಣುತ್ತಿದೆ, ಬಗ್ಗಿ ಏಳುತ್ತಿದೆ. ಕರೆದರೆ ಕೇಳಿಸುವಷ್ಟು ದೂರವೇ. ಮುಂದಿನ ವಾರ ಆ ಹುಡುಗಿ ಫೋನ್ ಮಾಡುತ್ತಾಳೆ, ಡ್ರಾಯಿಂಗ್ ಕೇಳುತ್ತಾಳೆ, ಅಪ್ಪನಿಗೆ ಕಾಫಿ ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಅನ್ನುತ್ತಾಳೆ, ಆಗ ನಾನು ಮತ್ತೆ ಹೂಂ ಅನ್ನುತ್ತೇನಾ?