ಹೊನವಾಡದ ಹುಡುಗನ ಕಾಲು

ಅಪ್ಪಾ,

ತಿಕೋಟಾದಲ್ಲಿ ಗೋವಾದ ಬಸ್ಸು ಹತ್ತಿದ ದಿನ ನನಗೆ ಆರು ವರ್ಷ. ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡೆನೆಂದು ಘಟ್ಟದ ತಿರುವಿನಲ್ಲೇ ನೀನು ನನ್ನ ಕಪಾಳಕ್ಕೆ ಬಾರಿಸಿದ್ದೆ. ಅಲ್ಲಿ ನೀನು ಗೋಡೆ ಕಟ್ಟುವ ಗೌಂಡಿ, ಅವ್ವ ಇಟ್ಟಿಗೆ ಹೊರುವವಳು, ನಾನು ಓಣಿಯ ಹುಡುಗರ ಬಾಯಲ್ಲಿ ‘ಘಾಟಿ’. ಘಟ್ಟದ ಮೇಲಿನಿಂದ ಕೂಲಿಗೆ ಬಂದವರನ್ನು ಅಲ್ಲಿ ಹಾಗೆ ಬೈಯುತ್ತಾರೆ. ಚೆಂಡು ನನ್ನ ಕಾಲಿಗೆ ಸಿಕ್ಕಾಗ ಮಾತ್ರ ಅವರ ಬಾಯಿ ಮುಚ್ಚುತ್ತಿತ್ತು. ಅದಕ್ಕೇ ನಿನ್ನ ಬೆಲ್ಟಿನ ಏಟು ತಿಂದರೂ ಆಟ ಬಿಡಲಿಲ್ಲ.

ನೀನು ನೋಡಿದ್ದು ನನ್ನ ಒಂದೇ ಫುಟ್‌ಬಾಲ್ ಮ್ಯಾಚು, ನೆನಪಿದೆಯೇ? ನನ್ನನ್ನು ಮಿಡ್‌ಫೀಲ್ಡಿನಲ್ಲಿ ನಿಲ್ಲಿಸಿದ್ದರು. ಎದುರಾಳಿಯಿಂದ ಚೆಂಡು ಕಸಿದು ನಮ್ಮವರಿಗೆ ದಾಟಿಸುವ ಕೆಲಸ. ಕುಡಿದು ಬಂದ ನೀನು ಬೇಲಿ ಹಿಡಿದು ಒದರಿದೆ: “ಚೆಂಡ ಏನ್ ನೋಡ್ತೀ ಲೇ, ಅವನ ಕಾಲ ಮುರಿ!” ನಾಚಿಕೆಯಿಂದ ಸತ್ತುಹೋದೆ. ಆದರೆ ನೀನು ತೀರಿಕೊಂಡ ವರ್ಷ ದೊಡ್ಡ ತಂಡವೊಂದು ನನ್ನನ್ನು ಸೇರಿಸಿಕೊಂಡಿತಲ್ಲ, ಅವರಿಗೂ ಬೇಕಾದದ್ದು ಅದೇ. ಏಳು ವರ್ಷ ಅದನ್ನೇ ಮಾಡಿದೆ. ಮೊಣಕೈಯಿಂದ ಮೂಗು ಒಡೆದೆ, ಬೂಟಿನಿಂದ ಪಾದ ತುಳಿದೆ. ಜನ ಸಿಳ್ಳೆ ಹೊಡೆಯುತ್ತಿದ್ದರು. ಖುಷಿಯೂ ಆಗುತ್ತಿತ್ತು, ಸುಳ್ಳೇಕೆ ಹೇಳಲಿ?

ಹೋದ ಸೀಸನ್ನಿನಲ್ಲಿ ಎದುರು ತಂಡದ ಹುಡುಗನೊಬ್ಬ ಕಿವಿಯ ಹತ್ತಿರ ಬಂದು ‘ಘಾಟಿ’ ಅಂದ. ಮುಂದೆ ಚೆಂಡು ಅವನಿಗೆ ಸಿಕ್ಕಾಗ ನಾನು ಚೆಂಡು ನೋಡಲೇ ಇಲ್ಲ. ಅವನ ಮೊಣಕಾಲ ಕೆಳಗಿನ ಎಲುಬು ನೋಡಿದೆ, ಎರಡೂ ಕಾಲು ಎತ್ತಿ ಹಾರಿದೆ. ಒಣ ದಂಟು ಮುರಿದಂತೆ ಸದ್ದಾಯಿತು. ಎಲುಬು ಸಾಕ್ಸು ಹರಿದು ಹೊರಗೆ ಬಂದಿತ್ತು. ಅವನು ಕಿರುಚಿದ್ದು ಕೊಂಕಣಿಯಲ್ಲಲ್ಲ: “ಯವ್ವಾ! ಸತ್ತೆ ಬೇ, ಯವ್ವಾ!” ಆ ಮೈದಾನದಲ್ಲಿ ಅದು ಅರ್ಥವಾದದ್ದು ನನಗೊಬ್ಬನಿಗೇ. ನಮ್ಮ ತಿಕೋಟಾದ ಹತ್ತಿರದ ಹೊನವಾಡದವನೆಂದು ಆಮೇಲೆ ತಿಳಿಯಿತು, ಅಪ್ಪಾ. ನನ್ನಂತೆ ಚಿಕ್ಕವನಿದ್ದಾಗಲೇ ಗೋವಾಕ್ಕೆ ಬಂದವನು. ಆ ಬೈಗುಳ ತನಗೆ ತಗಲದಿರಲೆಂದು ನನ್ನನ್ನು ಬೈದನೋ ಏನೋ...

ಫುಟ್‌ಬಾಲ್ ಸಂಘದ ವಿಚಾರಣೆಯ ಹಿಂದಿನ ದಿನ ತಂಡದ ಮ್ಯಾನೇಜರು ಹೇಳಿಕೊಟ್ಟರು: ಹುಲ್ಲು ಹಸಿಯಾಗಿತ್ತು, ಕಾಲು ಜಾರಿತು ಅನ್ನಬೇಕು. ಆಗ ಆಸ್ಪತ್ರೆ ನೆನಪಾಯಿತು. ಬಾಗಿಲು ತೆರೆಯಲು ತಡವಾಯಿತೆಂದು ನೀನು ಸಲಿಕೆಯ ಹಿಡಿಯಿಂದ ಹೊಡೆದು ಅವ್ವನ ತೋಳು ಮುರಿದಿದ್ದೆ. ಡಾಕ್ಟರಿಗೆ ನೀನು “ಪಾವಟಿಗಿ ಮ್ಯಾಲಿಂದ ಬಿದ್ದಾಳ್ರಿ, ಹುಡುಗ ನೋಡ್ಯಾನ” ಅಂದೆ. ಅವ್ವ ಮೆಟ್ಟಿಲಿನಿಂದ ಬಿದ್ದದ್ದು ಹೌದೆಂದು ನಾನು ತಲೆಯಾಡಿಸಿದೆ. ಒಂಬತ್ತು ವರ್ಷದವನು ಬೇರೇನು ಮಾಡಬೇಕಿತ್ತು? ಆದರೆ ಈಗ ನನಗೆ ಇಪ್ಪತ್ತೇಳು.

“ಕಾಲು ಜಾರಲಿಲ್ಲ, ಮುರಿಯಬೇಕೆಂದೇ ಹೊಡೆದೆ” ಎಂದು ಹೇಳಿಬಿಟ್ಟೆ. ಎರಡು ವರ್ಷ ಆಡುವಂತಿಲ್ಲ. ತಂಡ ಅವತ್ತೇ ಕೈಬಿಟ್ಟಿತು, ಇನ್ನು ಬೇರೆ ಯಾರೂ ಕರೆಯುವುದಿಲ್ಲ.

ಹುಡುಗ ಊರಿಗೆ ಮರಳಿದ್ದಾನೆಂದು ಕೇಳಿ ಹೊನವಾಡಕ್ಕೆ ಹೋದೆ. ಕಾಲಿಗೆ ರಾಡು ಹಾಕಿಸಿಕೊಂಡ ಹುಡುಗ ಕಟ್ಟೆಯ ಮೇಲೆ ಕೂತಿದ್ದ. ನನ್ನ ಹೆಸರು ಹೇಳಿದ್ದೇ ತಡ, ಅವನ ಅವ್ವ ಚಪ್ಪಲಿ ತೆಗೆದು ಮುಖಕ್ಕೆ ಹೊಡೆದಳು. “ನನ್ನ ಮಗ ಇನ್ನ ಓಡತಾನೇನೋ ಭಾಡ್ಯಾ? ಹೇಳು!” ತುಟಿ ಒಡೆಯಿತು. ನನ್ನ ಕೈ ತಾನಾಗಿಯೇ ಮೇಲೆದ್ದಿತು, ಅಪ್ಪಾ. ನಿನ್ನದೇ ಕೈ. ಹೇಗೋ ಇಳಿಸಿದೆ. “ಸಾಕ ಬಿಡ ಬೇ” ಎಂದು ಹುಡುಗ ಅನ್ನುವವರೆಗೂ ಆಕೆ ಹೊಡೆದಳು, ನಾನು ನಿಂತೇ ಇದ್ದೆ.

ಅಲ್ಲಿಂದ ನೇರ ತಿಕೋಟಾಕ್ಕೆ ಬಂದೆ. ಊರಿಗೆ ಮರಳಿದ ಅವ್ವ ಈಗ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿದ್ದಾಳೆ. ಆ ತೋಳು ಮೇಲೇಳುವುದಿಲ್ಲ, ಹಾಗಾಗಿ ಕೂತು ಕಡ್ಡಿ ಆರಿಸುವ ಕೆಲಸ ಕೊಟ್ಟಿದ್ದಾರೆ. ಎಲ್ಲ ಹೇಳಿದೆ. ಕೊನೆಗೆ, “ಅವತ್ತ ಡಾಕ್ಟರ ಮುಂದ ನಾನೂ ಸುಳ್ಳ ಹೇಳಿದ್ನೆವ್ವಾ” ಅಂದೆ. ಆಕೆ ಕೈಯಲ್ಲಿದ್ದ ದ್ರಾಕ್ಷಿಯ ಕಡ್ಡಿ ಕಿತ್ತು ಎಸೆದಳು. ಆಮೇಲೆ ಹೇಳಿದಳು: “ಇನ್ನ ನಿಮ್ಮಪ್ಪಗ ನಾ ಎಡಿ ಮಾಡಂಗಿಲ್ಲ. ಜನಕ್ಕ ಅಂಜಿ ಇಷ್ಟ ವರ್ಷ ಮಾಡೇನಿ.”

ನಾನು ಬಲವಂತ ಮಾಡಲಿಲ್ಲ. ಬರುವ ಮಹಾನವಮಿ ಅಮಾವಾಸ್ಯೆಯ ಹಿರಿಯರ ಪೂಜೆಗೆ ನಿನ್ನ ಎಡೆ ನಾನೇ ಮಾಡುತ್ತೇನೆ. ಹೋಳಿಗೆ ಮಾಡಲು ನನಗೆ ಬರುವುದಿಲ್ಲ. ಅನ್ನ, ಸಾರು, ಅಷ್ಟೇ. ಸುಮ್ಮನೆ ಉಂಡು ಹೋಗು.