ನಗಲು ಹೇಳಿ ಬಂದಿದ್ದೇನೆ

ಶಿವಲೀಲಾ,

ರೊಟ್ಟಿ ಬುಟ್ಟಿಯಲ್ಲಿದೆ. ನಿನ್ನೆಯ ಹಾಗೆ ನಾಯಿಗೆ ಹಾಕಬೇಡ, ನಾನು ನೋಡಿದ್ದೇನೆ. ಎಮ್ಮೆಗೆ ಮೇವು ಹಾಕಿ ಆಯಿತು.

ನಿಮ್ಮಣ್ಣ ಈರಣ್ಣ ಜ್ವರದಲ್ಲಿ ತೀರಿಕೊಂಡು ನಾಳೆಗೆ ಎರಡು ತಿಂಗಳು. ಪಂದ್ಯಕ್ಕೆಂದು ದಿನಾ ಬೆಳಿಗ್ಗೆ ಇಬ್ಬರೂ ಕೂಡಿ ಓಣಿ ಹಾದು ಓಡುತ್ತಿದ್ದಿರಿ. ಮೊನ್ನೆ ಒಬ್ಬಳೇ ಹೋದವಳು ಅಳುತ್ತ ಬಂದು, "ಯಾರೂ ಮಾತಾಡಸಲಿಲ್ಲಜ್ಜಾ, ಮಾರಿ ತಿರುವಿದ್ರು" ಎಂದೆ. ನಿನ್ನೆ ನಾನೇ ಹೋಗಿ ಕೇಳಿದೆ. ಚಹಾದಂಗಡಿ ಅಂದಪ್ಪ ತಲೆ ತಗ್ಗಿಸಿ, "ಸಾವಿನ ಮನಿ ಹುಡುಗಿ ಮುಂದ ಹೆಂಗ ನಗೂದ್ರೀ ಯಜ್ಜಾ?" ಅಂದ. ನಿನ್ನ ಮೇಲೆ ಸಿಟ್ಟಲ್ಲವ್ವಾ ಅದು. ನಮ್ಮ ದುಃಖಕ್ಕೆ ಓಣಿಯವರು ನಗುವುದನ್ನೇ ಬಿಟ್ಟಿದ್ದಾರೆ.

ಮೊದಲಿನ ಹಾಗೆ ಚೇಷ್ಟೆ ಮಾಡಿರಿ ಎಂದು ನಾನೇ ಹೇಳಿ ಬಂದಿದ್ದೇನೆ. ಅಂದಪ್ಪ "ಓಡಬ್ಯಾಡವಾ, ಶಿರಹಟ್ಟಿ ಬಸ್ ಹೋತು" ಅಂದರೆ ಅಳಬೇಡ. ಅಂಗಳ ಗುಡಿಸುವ ಗದಿಗೆವ್ವ "ಯಾರ ಹೊಲದಾಗ ಸೌತಿಕಾಯಿ ಕದ್ದು ಓಡಾಕತ್ತೀಯೇ?" ಅಂದರೆ, "ನಿನ್ನ ಹೊಲದಾಗ ಬೇ" ಅನ್ನು. ಪಾಪ, ಮುದುಕಿ ಅದಕ್ಕೇ ಕಾಯುತ್ತಾಳೆ.

ಗದಗಿನ ಓಟದ ಪಂದ್ಯಕ್ಕೆ ಎಂಟೇ ದಿನ ಉಳಿದಿವೆ. ನಿನ್ನ ಹೆಸರು ಬರೆಸಿದವನು ಈರಣ್ಣನೇ.

ಕೆರೆ ಏರಿಯ ಮೇಲೆ, ನೀವು ಮುಟ್ಟಿ ಮನೆಯ ಕಡೆಗೆ ತಿರುಗುತ್ತಿದ್ದ ಕಲ್ಲಿನ ಹತ್ತಿರ ಕುಳಿತಿರುತ್ತೇನೆ. "ನಮ್ಮ ಎಮ್ಮಿ ನಿನಗಿಂತ ಜೋರ ಓಡ್ತೈತಿ ಲೇ" ಎಂದು ಅವನು ಅಲ್ಲಿ ಕೂಗುತ್ತಿದ್ದ. ಇವತ್ತು ನಾನು ಕೂಗುತ್ತೇನೆ. ನನ್ನ ಧ್ವನಿ ನಡುಗಿದರೆ ನಿಲ್ಲಬೇಡ. ಅವನಿಗೆ ಬೈದ ಹಾಗೆ ನನಗೂ ಬೈದು, ತಿರುಗಿ ಓಡು.

ಬಾಗಿಲಿಗೆ ಚಿಲಕ ಹಾಕಿ ಬಾ.

ಅಜ್ಜ