ಬಟ್ಟಲಿನ ಜಾಗ

ಮಂಗಳವಾರ, ಹದಿನಾಲ್ಕನೆಯ ತಾರೀಖು

ಮುದುಕಿ ಇಂದೂ ಏನನ್ನೂ ಮುಟ್ಟಲಿಲ್ಲ. ಭಾನುವಾರ ಇದ್ದಕ್ಕಿದ್ದಂತೆ ಲಕ್ವ ಹೊಡೆದಾಗಿನಿಂದ ನಮ್ಮ ಈ ಹಣ್ಣುಹಣ್ಣಾದ ಬೆಕ್ಕಿನ ಹಿಂಗಾಲುಗಳು ಸ್ವಾಧೀನದಲ್ಲಿಲ್ಲ. "ನಾಳೆ ಬೆಳಿಗ್ಗೆಯೊಳಗೆ ತಾನಾಗಿ ತಿನ್ನದಿದ್ರೆ ಕರ್ಕೊಂಡು ಬನ್ನಿ ಸಾರ್, ಸುಮ್ಮನೆ ನರಳಿಸೋದು ಬೇಡ" ಎಂದರು ಫೋನಿನಲ್ಲಿ ಪಶುವೈದ್ಯೆ. ಕರೆದೊಯ್ದರೆ ಮುಂದೇನು ಎಂದು ನಾನು ಕೇಳಲಿಲ್ಲ. ಕೊನೆಯ ಇಂಜೆಕ್ಷನ್ನಿನ ಮಾತು ಅದು ಎಂದು ಗೊತ್ತಿತ್ತು.

ಕಾರ್ಖಾನೆಯಲ್ಲಿ ಯಂತ್ರಗಳ ಜಾಗ ಗೊತ್ತುಮಾಡುವುದು ನನ್ನ ಕೆಲಸ. ಕೆಲಸಗಾರನಿಗೆ ಕೂತಲ್ಲಿಂದ ಏಳದೆ ಎಲ್ಲವೂ ಕೈಗೆಟುಕಬೇಕು. ಅದೇ ಕ್ರಮದಲ್ಲಿ ಅವಳ ಹಾಸಿಗೆ, ಮೀನಿನ ಬಟ್ಟಲು, ಮರಳಿನ ಟ್ರೇ ಮೂರನ್ನೂ ಒತ್ತೊತ್ತಾಗಿ ಇಟ್ಟಿದ್ದೆ. ಪ್ರತಿ ಸಲವೂ ಮುಖ ತಿರುಗಿಸಿದಳು. ಹಸಿವೇ ಸತ್ತಿದೆ ಎಂದುಕೊಂಡೆ.

ಸಂಜೆ ನನ್ನವಳು ಬಂದು ಸೊಂಟಕ್ಕೆ ಕೈಯಿಟ್ಟು ನಿಂತು ನೋಡಿದಳು. "ಏನ್ರೀ ಇದು, ಕಕ್ಕಸಿನ ಟ್ರೇ ಪಕ್ಕ ಊಟಕ್ಕಿಟ್ಟಿದ್ದೀರಲ್ಲ? ನೀವಾದ್ರೆ ಉಣ್ತಿದ್ರಾ?"

ಬೆಕ್ಕಿನ ಬಟ್ಟಲನ್ನು ಅಡುಗೆಮನೆಯ ಕಿಟಕಿಯ ಕೆಳಗೆ, ಹಳೆಯ ಜಾಗಕ್ಕೇ ಒಯ್ದಿಟ್ಟೆವು. ಮುದುಕಿ ಸೊಟ್ಟಸೊಟ್ಟಾಗಿ ಮೈಯೆಳೆದುಕೊಂಡು ಹೊರಟು, ಹೊಸ್ತಿಲಲ್ಲಿ ಕುಸಿದಳು. ಎತ್ತಿಕೊಳ್ಳಲು ಬಾಗಿದ ನನ್ನ ತೋಳನ್ನು ನನ್ನವಳು ಹಿಡಿದುಕೊಂಡಳು.

"ಬಿಡಿ. ಬೇಕಿದ್ರೆ ಅವಳೇ ಹೋಗ್ತಾಳೆ."

"ಹೋಗದಿದ್ರೆ?"

ನನ್ನವಳು ಅಡುಗೆಮನೆಯ ದೀಪ ಆರಿಸಿದಳು.

ಇಷ್ಟನ್ನು ಬರೆಯುವಷ್ಟು ಹೊತ್ತೂ ಕಿವಿ ಆ ಹೊಸ್ತಿಲಲ್ಲೇ ಇತ್ತು. ಈಗ ಬಟ್ಟಲು ನೆಲಕ್ಕೆ ಉಜ್ಜಿದ ಸದ್ದು. ಮತ್ತೊಮ್ಮೆ. ಎದ್ದು ಹೋದರೆ ಮುದುಕಿ ತಿನ್ನುವುದನ್ನು ನಿಲ್ಲಿಸಿಬಿಟ್ಟಾಳು. ಕುರ್ಚಿ ಸರಿಸುವುದಿಲ್ಲ. ಪೆನ್ನಿನ ಸದ್ದೂ ಈಗ ಬೇಡ.